ಲಿನಕ್ಸ್‌ನಲ್ಲಿ ಬ್ರೌಸರ್ ಅಪ್‌ಡೇಟ್ ಅರ್ಧಕ್ಕೆ ನಿಂತಾಗ

ಕರಾವಳಿಯಲ್ಲಿ ಗುಡುಗು ಕೇಳಿಸಿದ ಕೂಡಲೇ ಟಿ.ವಿ., ಮೋಡೆಮ್, ಕಂಪ್ಯೂಟರ್‌ಗಳ ಪ್ಲಗ್ ತೆಗೆಯುವುದು ಮನೆಮನೆಯ ರೂಢಿ, ಮತ್ತು ಅದು ಸರಿಯಾದ ರೂಢಿ. ಆದರೆ ಅದೇ ಹೊತ್ತಿಗೆ ಅಪ್‌ಡೇಟ್ ನಡೆಯುತ್ತಿದ್ದರೆ ಕೆಲಸ ನಡುವೆಯೇ ಕಡಿದುಹೋಗುತ್ತದೆ. ಬ್ರಹ್ಮಾವರದಲ್ಲಿರುವ ನಮ್ಮ ದೊಡ್ಡಮ್ಮನ ಮನೆಯಲ್ಲಿ ಪತ್ತನಾಜೆಯ (ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಆಚರಣೆಯ ದಿನ) ಆಸುಪಾಸಿನ ಒಂದು ಸಂಜೆ ಹೀಗೇ ಆಯಿತು. ಅವರ ಹಳೆಯ ಲ್ಯಾಪ್‌ಟಾಪ್‌ನ ಬ್ಯಾಟರಿ ಎಂದೋ ಕೆಟ್ಟಿತ್ತು; ಮಿಂಚು ಹೊಡೆದಾಗ ಪ್ಲಗ್ ತೆಗೆದರು; ಮರುದಿನ ಬ್ರೌಸರ್ ತೆರೆಯಲೇ ಇಲ್ಲ. ಇಂತಹ ಸಂದರ್ಭದಲ್ಲಿ ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಲು ಹೊರಡಬೇಡಿ. ಅರ್ಧಕ್ಕೆ ನಿಂತ ಕೆಲಸವನ್ನು ಪೂರ್ತಿಗೊಳಿಸಿದರೆ ಬಹುಪಾಲು ತೊಂದರೆಗಳು ಅಲ್ಲಿಗೇ ಮುಗಿಯುತ್ತವೆ.

ಮೊದಲು ತಿಳಿಯಬೇಕಾದದ್ದು, ಬ್ರೌಸರ್ ನಿಮ್ಮ ಕಂಪ್ಯೂಟರಿಗೆ ಯಾವ ದಾರಿಯಿಂದ ಬಂದಿದೆ ಎಂಬುದು. ಲಿನಕ್ಸ್‌ನ ಒಂದು ರೂಪವಾದ ಉಬುಂಟುವಿನಲ್ಲಿ, 22.04ನೇ ಆವೃತ್ತಿಯಿಂದ ಈಚೆಗೆ ಫೈರ್‌ಫಾಕ್ಸ್ ಸ್ನ್ಯಾಪ್ (snap, ತನಗೆ ಬೇಕಾದ ಭಾಗಗಳನ್ನು ಒಳಗೇ ಕಟ್ಟಿಕೊಂಡು ಬರುವ ಪ್ಯಾಕೇಜ್) ರೂಪದಲ್ಲಿ ಬರುತ್ತದೆ. ಆದ್ದರಿಂದ ತಂತ್ರಾಂಶಗಳನ್ನು ಹಾಕುವ, ನವೀಕರಿಸುವ ಸಾಮಾನ್ಯ ಸಾಧನವಾದ ಆಪ್ಟ್‌ನ (apt) ‘ಆಪ್ಟ್ ಅಪ್‌ಗ್ರೇಡ್’ ಆಜ್ಞೆಯನ್ನು ಎಷ್ಟು ಸಲ ಕೊಟ್ಟರೂ ಅದರ ಆವೃತ್ತಿ ಬದಲಾಗುವುದಿಲ್ಲ. ಕ್ರೋಮ್ ಆಪ್ಟ್ ಮೂಲಕವೇ ನವೀಕರಣಗೊಳ್ಳುತ್ತದೆ. ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ‘ಸ್ನ್ಯಾಪ್ ಲಿಸ್ಟ್’ ಎಂದು ಕೊಟ್ಟು, ಬರುವ ಪಟ್ಟಿಯಲ್ಲಿ ಬ್ರೌಸರಿನ ಹೆಸರು ಇದೆಯೇ ಎಂದು ನೋಡಿ. ಇಲ್ಲಿ ಉಚ್ಚಾರಣೆಯಂತೆ ಬರೆದಿರುವ ಆಜ್ಞೆಗಳನ್ನೆಲ್ಲ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು.

ಆಪ್ಟ್ ದಾರಿಯಲ್ಲಿ ಎರಡು ಸಂದೇಶಗಳು ಪದೇ ಪದೇ ಎದುರಾಗುತ್ತವೆ. ಒಂದು, ಲಾಕ್ (ಒಂದು ಸಲಕ್ಕೆ ಒಬ್ಬರೇ ಬರೆಯಲೆಂದು ಇರುವ ಬೀಗ) ಸಿಗುತ್ತಿಲ್ಲ, ಅದನ್ನು ಇಂತಹ ಪ್ರಕ್ರಿಯೆ ಹಿಡಿದುಕೊಂಡಿದೆ ಎಂಬುದು. ಹಿನ್ನೆಲೆಯಲ್ಲಿ ಸ್ವಯಂಚಾಲಿತ ಅಪ್‌ಡೇಟ್ ನಡೆಯುತ್ತಿದೆ ಎಂದು ಇದರರ್ಥ. ಕಾಲು ಗಂಟೆ ಕಾಯಿರಿ. ಲಾಕ್ ಫೈಲನ್ನೇ ಅಳಿಸಿಬಿಡಿ ಎಂದು ಸಲಹೆ ಕೊಡುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಒಂದೇ ಸಮಯದಲ್ಲಿ ಇಬ್ಬರು ಬರೆಯಲು ಹೊರಟರೆ ಪ್ಯಾಕೇಜುಗಳ ಲೆಕ್ಕವೇ ಹಾಳಾಗುತ್ತದೆ, ಮತ್ತು ಅದನ್ನು ಸರಿಪಡಿಸುವುದು ಬ್ರೌಸರನ್ನು ಸರಿಪಡಿಸುವುದಕ್ಕಿಂತ ಎಷ್ಟೋ ಕಷ್ಟ. ಎರಡನೆಯದು, ಡಿಪಿಕೆಜಿಗೆ (dpkg, ಆಪ್ಟ್‌ನ ಕೆಳಗೆ ಪ್ಯಾಕೇಜುಗಳನ್ನು ಹಾಕುವ ಸಾಧನ) ಅಡ್ಡಿಯಾಗಿದೆ ಎಂಬ ಸಂದೇಶ. ಕರೆಂಟ್ ಹೋದ ಗುರುತು ಇದೇ, ಮತ್ತು ಪರಿಹಾರವನ್ನು ಆ ಸಂದೇಶವೇ ಹೇಳಿಕೊಡುತ್ತದೆ: ‘ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ’. ಸುಡೋ (sudo) ಎಂದರೆ ಆಜ್ಞೆಯನ್ನು ನಿರ್ವಾಹಕರ ಹಕ್ಕಿನಿಂದ ನಡೆಸು ಎಂದು. ಆ ಬಳಿಕ ‘ಸುಡೋ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’ ಕೊಟ್ಟು, ಕೊನೆಗೆ ‘ಸುಡೋ ಆಪ್ಟ್ ಅಪ್‌ಡೇಟ್’ ಮತ್ತು ‘ಸುಡೋ ಆಪ್ಟ್ ಅಪ್‌ಗ್ರೇಡ್’ ಕೊಡಿ. ಪಾಸ್‌ವರ್ಡ್ ಟೈಪ್ ಮಾಡುವಾಗ ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡದಿರಬಹುದು. ಕೀಬೋರ್ಡ್ ಕೆಟ್ಟಿದೆಯೆಂದು ಗಾಬರಿಯಾಗದೆ ಟೈಪ್ ಮಾಡಿ ಎಂಟರ್ ಒತ್ತಿರಿ. ದೊಡ್ಡಮ್ಮನ ಲ್ಯಾಪ್‌ಟಾಪ್‌ನಲ್ಲಿ ಮೊದಲ ಆಜ್ಞೆಗೇ ಬಾಕಿ ಉಳಿದಿದ್ದ ಪ್ಯಾಕೇಜುಗಳ ಹೆಸರುಗಳು ಒಂದೊಂದಾಗಿ ಪರದೆಯ ಮೇಲೆ ಸರಿದುಹೋದವು, ಬ್ರೌಸರ್ ತೆರೆಯಿತು, ಬುಕ್‌ಮಾರ್ಕ್‌ಗಳೆಲ್ಲ ಇದ್ದಂತೆಯೇ ಇದ್ದವು.

ಸ್ನ್ಯಾಪ್ ದಾರಿಯ ತೊಡಕೇ ಬೇರೆ. ಫೈರ್‌ಫಾಕ್ಸ್ ತೆರೆದಿರುವಷ್ಟು ಹೊತ್ತು ಸ್ನ್ಯಾಪ್ ಅದನ್ನು ನವೀಕರಿಸುವುದಿಲ್ಲ. ಹೆಚ್ಚೆಂದರೆ 14 ದಿನ ಮುಂದೂಡುತ್ತದೆ. ಎಲ್ಲ ಕಿಟಕಿಗಳನ್ನೂ ಮುಚ್ಚಿ ‘ಸುಡೋ ಸ್ನ್ಯಾಪ್ ರಿಫ್ರೆಶ್ ಫೈರ್‌ಫಾಕ್ಸ್’ ಕೊಟ್ಟರೆ ಸಾಕು. ಹೊಸ ಆವೃತ್ತಿಯೇ ಸರಿಯಿಲ್ಲವೆಂದಾದರೆ ‘ಸುಡೋ ಸ್ನ್ಯಾಪ್ ರಿವರ್ಟ್ ಫೈರ್‌ಫಾಕ್ಸ್’ ಮೂಲಕ ಹಿಂದಿನದಕ್ಕೆ ಮರಳಬಹುದು.

ಡಿಸ್ಕ್ ತುಂಬಿದ್ದರೂ ಅಪ್‌ಡೇಟ್ ಸೋಲುತ್ತದೆ. ‘ಡಿಎಫ್ -ಎಚ್’ ಕೊಟ್ಟಾಗ ಮೂಲ ವಿಭಾಗದ (/) ಮುಂದೆ 100% ಎಂದು ಕಂಡರೆ ‘ಸುಡೋ ಆಪ್ಟ್ ಕ್ಲೀನ್’ ಕೊಟ್ಟು ಜಾಗ ಮಾಡಿಕೊಳ್ಳಿ.

ಗಡಿಯಾರವನ್ನೂ ಮರೆಯದೆ ನೋಡಿ. ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿ ತೀರಿದ ಹಳೆಯ ಯಂತ್ರದಲ್ಲಿ, ಪ್ಲಗ್ ತೆಗೆದಿಟ್ಟು ಮತ್ತೆ ಹಾಕಿದಾಗ ದಿನಾಂಕ ವರ್ಷಗಳಷ್ಟು ಹಿಂದೆ ಹೋಗಿರುತ್ತದೆ. ಆಗ ರಿಲೀಸ್ ಫೈಲ್ (ಸರ್ವರಿನಲ್ಲಿರುವ ಪ್ಯಾಕೇಜುಗಳ ವಿವರದ ಫೈಲ್) ಇನ್ನೂ ಜಾರಿಗೆ ಬಂದಿಲ್ಲ ಎಂದು ಆಪ್ಟ್ ತಕರಾರು ತೆಗೆಯುತ್ತದೆ, ಸುರಕ್ಷಿತ ಜಾಲತಾಣಗಳೂ ತೆರೆಯುವುದಿಲ್ಲ. ನೆಟ್ ಸಂಪರ್ಕ ಇಟ್ಟುಕೊಂಡು ‘ಸುಡೋ ಟೈಮ್‌ಡೇಟ್‌ಸಿಟಿಎಲ್ ಸೆಟ್-ಎನ್‌ಟಿಪಿ ಟ್ರೂ’ (sudo timedatectl set-ntp true) ಕೊಡಿ; ಗಡಿಯಾರ ನೆಟ್ ಮೂಲಕ ಸರಿಹೋಗುತ್ತದೆ. ಮುಂದೆ ಆ ಬ್ಯಾಟರಿಯನ್ನೂ ಬದಲಾಯಿಸಿಸಿ. ಹಲವು ಯಂತ್ರಗಳಲ್ಲಿರುವುದು ಸಿಆರ್2032.

ಮೊಜಿಲ್ಲಾದಿಂದ ನೇರವಾಗಿ ಇಳಿಸಿದ ಫೈರ್‌ಫಾಕ್ಸನ್ನು ಸುಡೋ ಬಳಸಿ ‘ಆಪ್ಟ್’ (ಇಂಗ್ಲಿಷಿನಲ್ಲಿ /opt; ಮೇಲೆ ಹೇಳಿದ apt ಅಲ್ಲ) ಎಂಬ ಹೆಸರಿನ ಫೋಲ್ಡರಿನಲ್ಲಿ ಬಿಚ್ಚಿಟ್ಟಿದ್ದರೆ, ಸಾಮಾನ್ಯ ಬಳಕೆದಾರರಿಗೆ ಅಲ್ಲಿ ಬರೆಯುವ ಹಕ್ಕಿಲ್ಲದ ಕಾರಣ ಅದು ತನ್ನಷ್ಟಕ್ಕೆ ನವೀಕರಣಗೊಳ್ಳದು. ಅದಕ್ಕಾಗಿ ಬ್ರೌಸರನ್ನೇ ರೂಟ್ ಆಗಿ (ಪೂರ್ಣ ಹಕ್ಕಿರುವ ನಿರ್ವಾಹಕನಾಗಿ) ನಡೆಸುವುದು ಅಪಾಯಕರ; ನಿಮ್ಮ ಹೋಮ್ ಫೋಲ್ಡರಿನಲ್ಲಿ ಮತ್ತೆ ಬಿಚ್ಚಿಕೊಳ್ಳಿ. 32 ಬಿಟ್‌ನ ಯಂತ್ರವಾದರೆ ದುರಸ್ತಿಯಿಂದ ಪ್ರಯೋಜನವಿಲ್ಲ. ಆ ಲಿನಕ್ಸ್‌ಗೆ ಕ್ರೋಮ್ 2016ರಲ್ಲೇ ನಿಂತಿತು, ಫೈರ್‌ಫಾಕ್ಸ್ ಕೂಡ 145ನೇ ಆವೃತ್ತಿಯಿಂದ ನಿಂತಿದೆ.

ಎಲ್ಲ ಮುಗಿದ ಮೇಲೆ ಬ್ರೌಸರಿನ ಹೆಲ್ಪ್ ಮೆನುವಿನ ಅಬೌಟ್ ಪುಟದಲ್ಲಿ ಆವೃತ್ತಿಯ ಸಂಖ್ಯೆ ಬದಲಾಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಮಳೆಗಾಲಕ್ಕೆ ಮುಂಚಿನ ಗುಡುಗು ನಮ್ಮಲ್ಲಿ ಹೆಚ್ಚಾಗಿ ಮಧ್ಯಾಹ್ನದ ನಂತರ ಬರುವುದರಿಂದ, ಬ್ಯಾಟರಿ ಇಲ್ಲದ ಲ್ಯಾಪ್‌ಟಾಪ್‌ಗೆ ಬೆಳಗ್ಗೆಯೇ ಅಪ್‌ಡೇಟ್ ಕೊಡಿ.