ಅದಿರು ಧೂಳಿನ ಊರಲ್ಲಿ ಮನೆಗೆ ಬಣ್ಣ ಹಚ್ಚುವಾಗ

ಇಪ್ಪತ್ತೆರಡು ವರ್ಷದಿಂದ ಬಳ್ಳಾರಿ, ಸಂಡೂರು, ತೋರಣಗಲ್ಲು ಕಡೆ ಬಣ್ಣದ ಕೆಲಸ ಮಾಡುತ್ತಿದ್ದೇನೆ. "ಯಾವ ಕಂಪನಿ ಬಣ್ಣ ಒಳ್ಳೇದಣ್ಣಾ?" ಅಂತಲೇ ಎಲ್ಲರೂ ಮೊದಲು ಕೇಳುತ್ತಾರೆ. ನಾನು ಮೊದಲು ಗೋಡೆಗೆ ಅಂಗೈ ಉಜ್ಜಿ ನೋಡುತ್ತೇನೆ. ಅಂಗೈ ಕೆಂಪಾದರೆ ಅದಿರಿನ ಧೂಳು, ಬೆಳ್ಳಗಾದರೆ ಹಳೇ ಸುಣ್ಣ. ಎರಡರ ಮೇಲೂ ಬಣ್ಣ ನಿಲ್ಲುವುದಿಲ್ಲ.

ಸುಣ್ಣ ಇದ್ದರೆ ನೀರು ಚಿಮುಕಿಸಿ ಪೂರ್ತಿ ಕೆರೆಯಿರಿ. ಧೂಳಿಗೆ ಸುಮ್ನೆ ಪೈಪ್ ಹಿಡಿದರೆ ಸಾಲದು. ಗಟ್ಟಿ ಬ್ರಶ್ಶಿನಿಂದ ಮೇಲಿಂದ ಕೆಳಕ್ಕೆ ತಿಕ್ಕಿ, ಇಳಿಯುವ ನೀರು ತಿಳಿಯಾಗುವವರೆಗೆ ತೊಳೆಯಿರಿ. ಕಿಟಕಿ ಮೇಲೆ ಮಳೆ ತಡೆಯಲು ಹೊರಗೆ ಚಾಚಿರುವ ಸಜ್ಜಾ ಹಲಗೆಯ ಮೇಲ್ಭಾಗವನ್ನು ಮರೆಯಬೇಡಿ. ಅಲ್ಲಿ ಕೂತ ಧೂಳೇ ಮೊದಲ ಮಳೆಗೆ ಹೊಸ ಗೋಡೆ ಮೇಲೆ ಕೆಂಪು ಗೆರೆಯಾಗಿ ಇಳಿಯುವುದು. ತೊಳೆದ ಮೇಲೆ ಎರಡು ಮೂರು ದಿನ ಒಣಗಲು ಬಿಡಿ. ಬಿರುಕನ್ನು ಹಾಗೇ ಮುಚ್ಚಬೇಡಿ, ಸ್ವಲ್ಪ ಅಗಲ ಮಾಡಿ, ಪುಡಿ ತೆಗೆದು ತುಂಬಿ. ಆಮೇಲೆ ಬಣ್ಣ ಹಿಡಿಯಲು ಅಡಿಗೆ ಹಚ್ಚುವ ಪ್ರೈಮರ್, ಆಮೇಲೆ ಎರಡು ಕೈ ಹೊರಗಿನ ಎಮಲ್ಶನ್, ಅಂದರೆ ನೀರು ಬೆರೆಸಿ ಹಚ್ಚುವ ಬಣ್ಣ. ನೀರು ಎಷ್ಟು ಬೆರೆಸಬೇಕು ಅಂತ ಡಬ್ಬಿ ಮೇಲೆ ಬರೆದಿರುತ್ತದೆ, ಅದಕ್ಕಿಂತ ಜಾಸ್ತಿ ಬೇಡ.

ದಸರೆಗೆ ಹೊರಗೆ ಹಚ್ಚಿಸಬೇಕು ಅನ್ನುವವರಿಗೆ ನಾನು ಬೇಡ ಅನ್ನುತ್ತೇನೆ. ನಮ್ಮಲ್ಲಿ ಜಾಸ್ತಿ ಮಳೆ ಬರುವುದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಒಳಗಿನದನ್ನು ಆಗ ಮಾಡಿಸಿ. ಹೊರಗಿನದನ್ನು ಸಂಕ್ರಾಂತಿ ಕಳೆದ ಮೇಲೆ ಹಿಡಿದು, ಬಿಸಿಲು ಏರುವ ಮೊದಲೇ ಮುಗಿಸಿದರೆ ಯುಗಾದಿಗೆ ಮನೆ ಹೊಸದಾಗಿರುತ್ತದೆ.

ನೆರಳಿನ ಲೆಕ್ಕವೂ ಬೇಕು. ಪಡುವಣ ಗೋಡೆಗೆ ಬೆಳಿಗ್ಗೆ, ಮೂಡಣ ಗೋಡೆಗೆ ಮಧ್ಯಾಹ್ನದ ಮೇಲೆ. ಒಂದು ಸಲ ಮೇ ತಿಂಗಳಲ್ಲಿ, ಗೃಹಪ್ರವೇಶದ ಅವಸರ ಅಂತ, ಕಾದ ಪಡುವಣ ಗೋಡೆಗೆ ಮೂರು ಗಂಟೆಗೆ ರೋಲರ್ ಎಳೆದೆವು. ಬಣ್ಣ ಗೋಡೆ ಹಿಡಿಯುವ ಮೊದಲೇ ಅದರ ನೀರು ಆರಿಹೋಯಿತು. ವರ್ಷ ತುಂಬುವುದರೊಳಗೆ ಹಕ್ಕಳೆ ಎದ್ದಿತು. ನನ್ನ ಖರ್ಚಲ್ಲೇ ಕೆರೆದು ಮತ್ತೆ ಹಚ್ಚಿಕೊಟ್ಟೆ. ಆ ಗೋಡೆ ಇವತ್ತಿಗೂ ಕಣ್ಣಮುಂದೆ ಇದೆ.

ಒಳಗೆ ಬಂದರೆ ತೇವವೇ ಶತ್ರು. ಹೊಸ ಗಿಲಾವ್ (ಪ್ಲಾಸ್ಟರ್) ಆದರೆ ನೀರುಣಿಸುವ ಕ್ಯೂರಿಂಗ್ ಮುಗಿದು ಕನಿಷ್ಠ 28 ದಿನ ಬಿಡಿ, ಇಲ್ಲದಿದ್ದರೆ ಉಪ್ಪು ಏಳುತ್ತದೆ. ಅನುಮಾನ ಇದ್ದರೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಮರುದಿನ ಹಾಳೆಯ ಒಳಗೆ ಹನಿ ಕಂಡರೆ ಬಣ್ಣ ಬೇಡ, ನೀರು ಎಲ್ಲಿಂದ ಬರುತ್ತಿದೆ ಹುಡುಕಿ. ಗೋಡೆ ಒಣಗಿದ್ದರೆ ಗೋಡೆ ಸಮ ಮಾಡುವ ಪುಟ್ಟಿ ಎರಡು ಕೈ, ನಯವಾದ ಪಾಲಿಶ್ ಪೇಪರ್, ಧೂಳು ಒರೆಸಿ ಪ್ರೈಮರ್. ಮೊದಲು ಛತ್ತು, ಆಮೇಲೆ ಗೋಡೆ, ಕೊನೆಗೆ ಬಾಗಿಲು.

ಬಾಗಿಲ ಹಳೇ ಆಯಿಲ್ ಪೇಂಟ್ ಬಗ್ಗೆ ಕೈಮುಗಿದು ಹೇಳುತ್ತೇನೆ. ಮನೆ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೇ ಬಣ್ಣದಲ್ಲಿ ಸೀಸ ಇರಬಹುದು, ಅದು ವಿಷ. ಅದನ್ನು ಒಣಗಿದ ಹಾಗೇ ಉಜ್ಜಬೇಡಿ, ಒದ್ದೆ ಮಾಡಿ ಉಜ್ಜಿ. ಮುಖಕ್ಕೆ ಒಳ್ಳೇ ಮಾಸ್ಕ್ ಇರಲಿ. ಬಿದ್ದ ಪುಡಿಯನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಅಷ್ಟು ದಿನ ಚಿಕ್ಕ ಮಕ್ಕಳನ್ನೂ ಬಸುರಿಯರನ್ನೂ ಬೇರೆ ಮನೆಯಲ್ಲಿ ಇರಿಸಿ.