ಬಲೂನಿನ ಮೂಲಕ ವಾತಾವರಣದ ವಿದ್ಯುತ್ತನ್ನು ಅಳೆಯುವ ಕ್ರಮ

ಆಕಾಶ ತಿಳಿಯಾಗಿರುವ ದಿನವೂ ನೆಲದ ಬಳಿ ಮೀಟರಿಗೆ ಸುಮಾರು 100 ವೋಲ್ಟ್ ವಿದ್ಯುತ್ ಕ್ಷೇತ್ರವಿರುತ್ತದೆ, 10 ಕಿ.ಮೀ. ಎತ್ತರದಲ್ಲಿ ಅದು ಕೆಲವೇ ವೋಲ್ಟ್‌ಗಳಿಗೆ ಇಳಿಯುತ್ತದೆ. ಮೇಲೇರಿದಂತೆ ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳಿಂದ ಹುಟ್ಟುವ ಅಯಾನುಗಳು (ವಿದ್ಯುದಾವೇಶವಿರುವ ಕಣಗಳು) ಹೆಚ್ಚುವುದರಿಂದಲೂ ತೆಳುವಾದ ಗಾಳಿಯಲ್ಲಿ ಅವು ಸುಲಭವಾಗಿ ಚಲಿಸುವುದರಿಂದಲೂ ಗಾಳಿಯ ವಾಹಕತೆ, ಅಂದರೆ ವಿದ್ಯುತ್ತನ್ನು ಹರಿಯಗೊಡುವ ಗುಣ, ಏರುವುದೇ ಇದಕ್ಕೆ ಕಾರಣ. ಆದ್ದರಿಂದ ಕ್ಷೇತ್ರ ಮತ್ತು ವಾಹಕತೆ ಎರಡನ್ನೂ ಒಂದೇ ಹಾರಾಟದಲ್ಲಿ ಅಳೆಯಬೇಕು. ಒಂದನ್ನು ಮಾತ್ರ ಅಳೆದರೆ ಫಲಿತಾಂಶವನ್ನು ಪರೀಕ್ಷಿಸುವ ದಾರಿಯೇ ಇರುವುದಿಲ್ಲ.

ವಾಹಕತೆಗೆ ಗರ್ಡಿಯನ್ ಕಂಡೆನ್ಸರ್ ಬಳಸಿ. ಇದು ನಡುವೆ ಲೋಹದ ಸರಳಿರುವ, ಎರಡೂ ಬದಿ ತೆರೆದ ಕೊಳವೆ. ಬಲೂನು ಸೆಕೆಂಡಿಗೆ ಸುಮಾರು 5 ಮೀಟರ್ ವೇಗದಲ್ಲಿ ಏರುವಾಗ ಗಾಳಿ ತಾನಾಗಿ ಅದರೊಳಗೆ ಹಾಯುತ್ತದೆ. ಕೊಳವೆಗೂ ಸರಳಿಗೂ ನಡುವೆ ಕೊಡುವ ವೋಲ್ಟೇಜು ಕಡಿಮೆಯಿರಲಿ: ಹೆಚ್ಚಾದರೆ ಬಂದ ಅಯಾನುಗಳೆಲ್ಲ ಸರಳಿಗೆ ಸೇರಿಬಿಟ್ಟು, ಅಳತೆ ವಾಹಕತೆಯದ್ದಾಗದೆ ಅಯಾನುಗಳ ಸಂಖ್ಯೆಯದ್ದಾಗುತ್ತದೆ. ಧನ, ಋಣ ಅಯಾನುಗಳೆರಡನ್ನೂ ಹಿಡಿಯಲು ವೋಲ್ಟೇಜಿನ ದಿಕ್ಕನ್ನು ಆಗಾಗ ಬದಲಿಸಿ. ಕೊಳವೆಯ ಧಾರಕತೆ (ಆವೇಶವನ್ನು ಹಿಡಿದಿಡುವ ಸಾಮರ್ಥ್ಯ) 10 ಪಿಕೋಫ್ಯಾರಡ್, ವೋಲ್ಟೇಜು 5 ವೋಲ್ಟ್ ಎಂದಿಟ್ಟುಕೊಂಡರೆ ನೆಲದ ಬಳಿ ಸಿಗುವ ಪ್ರವಾಹ ಒಂದು ಪಿಕೋಆಂಪಿಯರಿನ (ಆಂಪಿಯರಿನ ಲಕ್ಷ ಕೋಟಿಯ ಒಂದಂಶ) ಹತ್ತನೇ ಒಂದಂಶಕ್ಕಿಂತಲೂ ಕಡಿಮೆ. ಇಷ್ಟು ಸಣ್ಣ ಪ್ರವಾಹವು ಬೆರಳಿನ ಬೆವರು ತಾಗಿದ ಅವಾಹಕದ ಮೇಲೆಯೇ ಸೋರಿಹೋಗಬಹುದು. ಟೆಫ್ಲಾನ್ ಆಧಾರಗಳನ್ನು ಆಲ್ಕೋಹಾಲಿನಿಂದ ಒರೆಸಿ, ಮತ್ತೆ ಬರಿಗೈಯಲ್ಲಿ ಮುಟ್ಟಬೇಡಿ. ಇಡೀ ಕೆಲಸದಲ್ಲಿ ನಾನು ಹೆಚ್ಚು ಒತ್ತಿ ಹೇಳಬೇಕಾದ ಮಾತು ಇದೇ.

ಕ್ಷೇತ್ರಕ್ಕೆ ಒಂದರ ಮೇಲೊಂದರಂತೆ ಎರಡು ಲೋಹದ ಗೋಲಗಳನ್ನು ಕಟ್ಟಿ, ಅವುಗಳ ವೋಲ್ಟೇಜ್ ವ್ಯತ್ಯಾಸವನ್ನು ನಡುವಿನ ಅಂತರದಿಂದ ಭಾಗಿಸಿ. ಈ ವ್ಯತ್ಯಾಸವನ್ನು ಅಳೆಯುವ ಎಲೆಕ್ಟ್ರೋಮೀಟರಿನ ಶೂನ್ಯವನ್ನು ತಿಳಿಯಲು ಎರಡು ಗೋಲಗಳನ್ನೂ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚು) ಮೂಲಕ ಆಗಾಗ ಒಂದಕ್ಕೊಂದು ಜೋಡಿಸಿ ಬಿಡಿಸಬೇಕು. ಬಲೂನಿನ ಹಾಳೆಯೇ ವಿದ್ಯುದಾವೇಶ ಹೊತ್ತಿರಬಹುದಾದ್ದರಿಂದ ಉಪಕರಣವನ್ನು ಹಲವು ಹತ್ತು ಮೀಟರ್ ಕೆಳಗೆ, ಒಣಗಿದ ಅವಾಹಕ ದಾರದಲ್ಲಿ ತೂಗುಬಿಡಿ. ಗುಡುಗು ಮೋಡದೊಳಗೆ ಈ ವಿನ್ಯಾಸ ಸಲ್ಲದು. ಅಲ್ಲಿಗೆ ತಿರುಗುವ ಗೋಲಗಳ ಮಾಪಕ ಬೇಕು.

ಹಾರಿಸುವ ಮುನ್ನ ವಿಮಾನ ಸಂಚಾರ ನಿಯಂತ್ರಣದ ಅನುಮತಿ ಕಡ್ಡಾಯ. ನಮ್ಮಲ್ಲಿ ವಾಹಕತೆಯ ಇಂಥ ಅಳತೆಗಳು ಹೈದರಾಬಾದಿನಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಬಲೂನು ಕೇಂದ್ರದಿಂದ ನಡೆದಿವೆ.

ಮಾಹಿತಿ ಬಂದ ಮೇಲೆ ಪ್ರತಿ ಎತ್ತರದಲ್ಲೂ ಕ್ಷೇತ್ರವನ್ನು ಒಟ್ಟು ವಾಹಕತೆಯಿಂದ (ಧನ, ಋಣ ಅಯಾನುಗಳ ವಾಹಕತೆಗಳ ಮೊತ್ತದಿಂದ) ಗುಣಿಸಿ. ಗುಣಲಬ್ಧವು, ಅಂದರೆ ಗಾಳಿಯಲ್ಲಿ ಹರಿಯುವ ಪ್ರವಾಹವು, ಚದರ ಮೀಟರಿಗೆ ಸುಮಾರು 2 ಪಿಕೋಆಂಪಿಯರ್ ಆಗಿದ್ದು, ಎತ್ತರದೊಂದಿಗೆ ಹೆಚ್ಚು ಬದಲಾಗಬಾರದು. ಕೆಳಗಿನ ಕೆಲವು ಕಿ.ಮೀ.ಗಳಲ್ಲಿ ಮಾತ್ರ ತಪ್ಪಿದರೆ ಗೋಲಗಳ ನಿಧಾನವೇ ಕಾರಣವಿರಬಹುದು: ನೆಲದ ಬಳಿಯ ಗಾಳಿಯೊಂದಿಗೆ ಅವು ಹೊಂದಿಕೊಳ್ಳಲು ಸುಮಾರು 15 ನಿಮಿಷ ಬೇಕು, ಅಷ್ಟರಲ್ಲಿ ಬಲೂನು ನಾಲ್ಕು ಕಿ.ಮೀ.ಗೂ ಮೇಲೇರಿರುತ್ತದೆ. ಆ ಭಾಗವನ್ನು ಲೆಕ್ಕದಿಂದ ಕೈಬಿಡಿ. ಹಾರಾಟದುದ್ದಕ್ಕೂ ತಪ್ಪಿದ್ದರೆ ಶೂನ್ಯದ ದಾಖಲೆಯನ್ನೂ ಅವಾಹಕಗಳ ಸೋರಿಕೆಯನ್ನೂ ಮೊದಲು ಪರಿಶೀಲಿಸಿ.