ನೆರವಿಗಾಗಿ ಮ್ಯಾರಥಾನ್: ಓಟಕ್ಕೂ ಮೊದಲು ಪಟ್ಟಿ ಎತ್ತಿ

ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್. ಹೆಚ್ಚುಕಡಿಮೆ ದಾವಣಗೆರೆಯಿಂದ ಹರಿಹರಕ್ಕೆ ಓಡಿ, ಮರಳಿ ಬಂದು, ಮತ್ತೊಮ್ಮೆ ಹರಿಹರ ಮುಟ್ಟಿದಷ್ಟು ದೂರ. ಇದನ್ನು ಓಡಿ ಒಳ್ಳೆಯ ಕೆಲಸಕ್ಕೆ ಹಣ ಕೂಡಿಸಬೇಕೆಂದು ಹೊರಟವರು ಸಾಮಾನ್ಯವಾಗಿ ಬೂಟು ಕೊಳ್ಳುವುದರಿಂದ ಶುರು ಮಾಡುತ್ತಾರೆ. ಮೊದಲು ಪಟ್ಟಿ ಎತ್ತುವ, ಅಂದರೆ ಚಂದಾ ಕೂಡಿಸುವ ಹಣದ ಕೆಲಸ, ಆಮೇಲೆ ಕಾಲಿನ ಕೆಲಸ ಎನ್ನುವವನು ನಾನು. ಓಟ ಮುಗಿಸಿ ಬಂದು ಕೇಳಿದರೆ ಜನ ಬೆನ್ನು ತಟ್ಟಿ ಕಳಿಸುತ್ತಾರೆ. ಓಡುವ ಮುನ್ನ ಕೇಳಿದರೆ ಜೊತೆಗೆ ನಿಲ್ಲುತ್ತಾರೆ.

ಯಾರಿಗಾಗಿ ಓಡುತ್ತೀರಿ?

‘ಸಮಾಜಸೇವೆಗಾಗಿ’ ಎಂದರೆ ಯಾರ ಕೈಯೂ ಜೇಬಿಗೆ ಹೋಗುವುದಿಲ್ಲ. ಕೊಡುವವರ ಕಣ್ಣಿಗೆ ಕಾಣುವ ಒಂದೇ ಒಂದು ಕೆಲಸವನ್ನು ಆರಿಸಿಕೊಳ್ಳಿ. ಹಿಮೋಫಿಲಿಯಾ ಪೀಡಿತರಿಗಾಗಿ ದುಡಿಯುವ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ದಾವಣಗೆರೆಯಲ್ಲೇ ಇದೆ. ರಕ್ತ ಸರಿಯಾಗಿ ಹೆಪ್ಪುಗಟ್ಟದ ಈ ಕಾಯಿಲೆ ತೀವ್ರವಾಗಿದ್ದರೆ, ಹೊರಗೆ ಗಾಯವೇ ಇಲ್ಲದೆ ಮಂಡಿಯ ಒಳಗೆ ರಕ್ತ ಸೋರುತ್ತದೆ. ಮಂಡಿ ಊದಿ ಬಿಸಿಯಾಗುತ್ತದೆ, ಮಗು ಕಾಲು ಮಡಚಲಾರದೆ ಅಳುತ್ತದೆ. ಹೀಗೇ ಮರುಕಳಿಸುತ್ತಿದ್ದರೆ ಕೀಲು ಸವೆದು ಸೆಟೆದುಕೊಳ್ಳುತ್ತದೆ. ಗಟ್ಟಿ ಮಂಡಿ ಇರುವವರು ಅಂಥ ಮಕ್ಕಳಿಗಾಗಿ ಓಡುವುದಕ್ಕಿಂತ ಸಾರ್ಥಕವಾದ ಓಟ ನನಗೆ ತೋಚುವುದಿಲ್ಲ. ನಿಮ್ಮ ಮನಸ್ಸು ಸರ್ಕಾರಿ ಶಾಲೆಯ ಕಡೆಗೋ ವೃದ್ಧಾಶ್ರಮದ ಕಡೆಗೋ ಎಳೆದರೆ ಅದೂ ಆಗಬಹುದು.

ಸಂಸ್ಥೆಯವರನ್ನು ಮುಖತಃ ಕಂಡು ಒಪ್ಪಿಗೆ ಪಡೆಯಿರಿ. ದಾನಿಗಳ ತೆರಿಗೆ ವಿನಾಯಿತಿಗೆ ಬೇಕಾದ, 80ಜಿ ಎಂದೇ ಪರಿಚಿತವಾದ ನೋಂದಣಿ ಇದೆಯೇ ಎಂದು ಕೇಳಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವ ದಾನಿಗಳಿಗೆ ಅದರಿಂದ ಅನುಕೂಲ, ಆದರೆ 2,000 ರೂಪಾಯಿಗೆ ಮೀರಿದ ನಗದು ದಾನಕ್ಕೆ ಆ ವಿನಾಯಿತಿ ಸಿಗುವುದಿಲ್ಲ. ಹಣ ನೇರವಾಗಿ ಸಂಸ್ಥೆಯ ಖಾತೆಗೇ ಹೋಗಬೇಕು. ನಿಮ್ಮ ಸ್ವಂತ ಯುಪಿಐಗೆ ಒಂದು ರೂಪಾಯಿಯೂ ಬರಬಾರದು. ಈ ವಿಷಯದಲ್ಲಿ ನನಗೆ ರಾಜಿ ಇಲ್ಲ.

ಪಟ್ಟಿ ಎತ್ತುವ ಬಗೆ

ದುಗ್ಗಮ್ಮನ ಜಾತ್ರೆಗೆ ಪಟ್ಟಿ ಎತ್ತಿ ರೂಢಿಯಿರುವ ಊರು ನಮ್ಮದು. ಮಂಡಿಪೇಟೆ, ಚೌಕಿಪೇಟೆಯ ಯಾವ ಅಂಗಡಿಗೆ ಹೋದರೂ ಮಾಲೀಕರು ಪುಸ್ತಕ ತೆರೆದು ಮೊದಲು ನೋಡುವುದು ಮೇಲೆ ಯಾರು ಎಷ್ಟು ಬರೆದಿದ್ದಾರೆ ಎಂಬುದನ್ನೇ. ಮೇಲಿನ ಸಾಲಿನಲ್ಲಿ 100 ಇದ್ದರೆ ಕೆಳಗೂ 100, 1,000 ಇದ್ದರೆ ಐನೂರಕ್ಕೆ ಕಡಿಮೆ ಬರೆಯಲು ಕೈ ಹಿಂಜರಿಯುತ್ತದೆ. ಆದ್ದರಿಂದ ಮೊದಲ ಹೆಸರು ನಿಮ್ಮದೇ ಇರಲಿ, ನಿಮ್ಮ ಶಕ್ತಿ ಮೀರದಷ್ಟು ಧಾರಾಳವಾಗಿ. ಎರಡನೆಯದು ನಿಮ್ಮನ್ನು ಬಲ್ಲ, ಕೈ ದೊಡ್ಡದಿರುವ ಹಿರಿಯರದು. ಬೀದಿಗಿಳಿಯುವುದು ಆಮೇಲೆ.

ಕಿಲೋಮೀಟರ್ ಲೆಕ್ಕದಲ್ಲಿ ಕೇಳಿದರೆ ಮಾತು ಸುಲಭ. ಕಿಲೋಮೀಟರಿಗೆ 10 ರೂಪಾಯಿಯಂತೆ 420, 50 ರೂಪಾಯಿಯಂತೆ 2,100. ಇಲ್ಲವೇ 42 ಜನರನ್ನು ಹುಡುಕಿ ಒಬ್ಬೊಬ್ಬರಿಗೆ ಒಂದೊಂದು ಕಿಲೋಮೀಟರ್ ಹಂಚಿ, ಕೊನೆಯ 195 ಮೀಟರನ್ನು ಬಡಾವಣೆಯ ಮಕ್ಕಳಿಗೆ ಬಿಟ್ಟುಕೊಡಿ. ಓಟದ ಪ್ರವೇಶ ಶುಲ್ಕ, ರೈಲು, ವಸತಿ ಎಲ್ಲವೂ ನಿಮ್ಮ ಖರ್ಚು ಎಂದು ಮೊದಲೇ ಹೇಳಿಬಿಡಿ. ಮುಂದಿನ ಪ್ರಶ್ನೆಗಳು ಅರ್ಧಕ್ಕರ್ಧ ಅಲ್ಲೇ ನಿಲ್ಲುತ್ತವೆ.

ಇನ್ನು ಕಾಲಿನ ಕೆಲಸ

ನಿಲ್ಲದೆ 10 ಕಿಲೋಮೀಟರ್ ಓಡಬಲ್ಲವರಿಗೆ ಪೂರ್ಣ ಮ್ಯಾರಥಾನ್ ತಯಾರಿಗೆ 16ರಿಂದ 20 ವಾರ ಬೇಕು. ಅಷ್ಟು ಓಡಲಾಗದವರು ಈ ವರ್ಷ ಬೆಂಗಳೂರಿನ 10 ಕಿಲೋಮೀಟರ್ ಓಟವನ್ನೇ ಗುರಿಯಾಗಿಸಿಕೊಳ್ಳಲಿ. ಕೊಡುವವರಿಗೆ ಅದೂ ದೊಡ್ಡದೇ. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ವೈದ್ಯರನ್ನು ಕಾಣದೆ ಹೆಜ್ಜೆ ಇಡಬಾರದು.

ಮುಂಬೈ ಮ್ಯಾರಥಾನ್ ನಡೆಯುವುದು ಜನವರಿಯಲ್ಲಿ. ಸೆಪ್ಟೆಂಬರ್ ಆರಂಭದಲ್ಲೇ ತಯಾರಿ ಶುರು ಮಾಡಿದರೆ ನಮ್ಮ ಬೇಸಿಗೆಯ ಕಾಟ ಇಲ್ಲ. ವಾರಕ್ಕೆ ನಾಲ್ಕು ದಿನ ಓಟ, ಅದರಲ್ಲಿ ಭಾನುವಾರದ್ದು ಉದ್ದ. ಪಕ್ಕದವರ ಜೊತೆ ಮಾತನಾಡುತ್ತಾ ಓಡುವಷ್ಟು ನಿಧಾನ ಸಾಕು. ಭಾನುವಾರದ ದೂರವನ್ನು ವಾರಕ್ಕೆ ಒಂದೆರಡು ಕಿಲೋಮೀಟರಿನಂತೆ ಏರಿಸುತ್ತಾ 30, 32ಕ್ಕೆ ನಿಲ್ಲಿಸಿ. ಕೊನೆಯ ಎರಡು ಮೂರು ವಾರ ದೂರ ತಗ್ಗಿಸಿ, ಕಾಲಿಗೆ ವಿಶ್ರಾಂತಿ ಕೊಡಿ.

ದಾವಣಗೆರೆಯವರಿಗೆ ಬೆಳಗಿನ ಜಾವ ಕುಂದವಾಡ ಕೆರೆಯ ದಂಡೆ ಇದೆ. ಚಿತ್ರದುರ್ಗದವರಿಗೆ ತೊಡೆ ಗಟ್ಟಿಯಾಗಲು ಜೋಗಿಮಟ್ಟಿಯ ಏರು ಇದೆ. ಅದು ಕಾಡು, ಬೆಳಕಾದ ಮೇಲೆ, ಜೊತೆಗಾರರೊಂದಿಗೆ, ಅರಣ್ಯ ಇಲಾಖೆಯ ನಿಯಮದಂತೆ ಹೋಗಿ. ಹೆದ್ದಾರಿಯ ಅಂಚಿನಲ್ಲಿ ಓಡುವ ಸಾಹಸ ಯಾರಿಗೂ ಬೇಡ.

ದೇಹದಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಅನೇಕರಿಗೆ 30 ಕಿಲೋಮೀಟರ್ ಹೊತ್ತಿಗೆ ಬರಿದಾಗುತ್ತಾ ಬರುತ್ತದೆ, ಕಾಲು ಏಕಾಏಕಿ ಕಲ್ಲಾಗುತ್ತದೆ. ಹಾಗಾಗಿ ಓಡುತ್ತಲೇ ಬಾಳೆಹಣ್ಣು, ಖರ್ಜೂರ, ಬೆಲ್ಲ ತಿನ್ನುವ ಅಭ್ಯಾಸ ಭಾನುವಾರಗಳಲ್ಲೇ ಆಗಬೇಕು. ಬರೀ ನೀರು ಅತಿಯಾಗಿ ಕುಡಿದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ಅಪಾಯವಾಗುತ್ತದೆ. ಬಾಯಾರಿದಷ್ಟೇ ಕುಡಿಯಿರಿ, ನಡುನಡುವೆ ಓಆರ್‌ಎಸ್ ಇರಲಿ. ಓಟದ ಹಿಂದಿನ ದಿನ ಬೆಣ್ಣೆ ದೋಸೆ ಬೇಡ, ಜಿಡ್ಡು ಅರಗುವುದು ತಡ. ಅನ್ನ, ತಿಳಿಸಾರು ಸಾಕು. ಓಟದ ದಿನ ಹೊಸ ಬೂಟನ್ನಂತೂ ಹಾಕಲೇಬೇಡಿ.

ಲೆಕ್ಕ ಒಪ್ಪಿಸುವುದು

ಊರಿಗೆ ಮರಳಿದ ವಾರದೊಳಗೆ ಕೊಟ್ಟವರೆಲ್ಲರಿಗೂ ಒಟ್ಟು ಮೊತ್ತ, ಸಂಸ್ಥೆಯ ರಸೀದಿ, ಹಣ ಯಾವುದಕ್ಕೆ ಬಳಕೆಯಾಗುತ್ತದೆ ಎಂಬ ವಿವರ ತಲುಪಲಿ. ಹತ್ತು ರೂಪಾಯಿ ಕೊಟ್ಟವರಿಗೂ ಅದೇ ಪತ್ರ. 35ನೇ ಕಿಲೋಮೀಟರಿನಲ್ಲಿ ಮಂಡಿ ಕೈಕೊಟ್ಟರೆ ಅಲ್ಲೇ ನಿಲ್ಲಿ, ಹಠ ಬೇಡ. ಆ ಸುದ್ದಿಯನ್ನು ಅಂದೇ ಎಲ್ಲರಿಗೂ ತಿಳಿಸಿ. ಪೂರ್ತಿ ಓಡಲಾಗದಿದ್ದರೂ ಹಣ ಸಂಸ್ಥೆಗೇ ಸೇರುತ್ತದೆ ಎಂಬ ಸಾಲನ್ನು ಪಟ್ಟಿ ಪುಸ್ತಕದ ಮೊದಲ ಪುಟದಲ್ಲೇ ಬರೆದಿಟ್ಟಿದ್ದರೆ ಯಾರೂ ತಕರಾರು ಎತ್ತುವುದಿಲ್ಲ.